ಐದು ದನಿಯ ಡಬ್ಬಿ

ತೊಂಬತ್ತರ ದಶಕದಲ್ಲಿ ಭಾಲ್ಕಿ, ಔರಾದ್ ಕಡೆ ಟಿವಿ ಮುಂದೆ ಕೂತು ಮಾರಿಯೊ ಆಡಿದವರಿಗೆ ಆ ಆಟದ ಹಾಡು ಇನ್ನೂ ಬಾಯಿಪಾಠ. ಆದರೆ ಅವರ ಬಾಯಲ್ಲಿರುವುದು ಜಪಾನಿನ ಹುಡುಗರು ಕೇಳಿದ ಹಾಡೇ ಇರಲಿಕ್ಕಿಲ್ಲ. ಲಯ ಬೇರೆ, ದನಿಯ ಬಣ್ಣ ಬೇರೆ, ಶ್ರುತಿ ಕೂಡ ಕೂದಲೆಳೆಯಷ್ಟು ಕೆಳಗೆ. ಇದರಲ್ಲಿ ಕಿವಿಯದೇನೂ ತಪ್ಪಿಲ್ಲ, ಎಲ್ಲ ಡಬ್ಬಿಯೊಳಗಿನ ಚಿಪ್ಪಿನ ಕಾರಬಾರು.

ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಆಟದ ಯಂತ್ರ ತಂದಿತು. ನಮ್ಮೂರುಗಳಿಗೆ ಬಂದದ್ದು ಬಹುತೇಕ ಅದರ ನಕಲು. ಹೈದರಾಬಾದಿಗೆ ಹೋದ ಕಾಕಾನೋ ಮಾಮಾನೋ ತಂದುಕೊಡಬೇಕು, ಆ್ಯಂಟೆನಾದ ವಯರು ಕಿತ್ತು ಇದರದನ್ನು ಚುಚ್ಚಬೇಕು, ಕ್ಯಾಸೆಟ್ಟಿನ ಬುಡಕ್ಕೆ ಉಫ್ ಎಂದು ಊದಬೇಕು, ಇಷ್ಟಾದ ಮೇಲೆ ಕರೆಂಟೂ ಇರಬೇಕು.

ಮೂಲ ಯಂತ್ರದ ಚಿಪ್ಪಿನ ಹೆಸರು ರಿಕೋ 2ಎ03. ಆಟ ನಡೆಸುವುದೂ ಹಾಡುವುದೂ ಅದೇ. ಅದಕ್ಕಿರುವುದು ಐದೇ ದನಿ. ಎರಡು ಪಲ್ಸ್ ಅಲೆಗಳು ರಾಗ ಹಿಡಿಯುತ್ತವೆ, ಒಂದು ತ್ರಿಕೋನ ಅಲೆ ಮಂದ್ರ ನೋಡಿಕೊಳ್ಳುತ್ತದೆ, ತಾಳಕ್ಕೆ ಬರೀ 'ಶ್ಶ್' ಎನ್ನುವ ನಾಯ್ಸ್. ಐದನೆಯದು ಮುದ್ರಿಸಿದ ಚಿಕ್ಕ ಸದ್ದುಗಳನ್ನು ನುಡಿಸಬಲ್ಲದು, ಆದರೆ ಅದಕ್ಕೆ ಜಾಗ ಹೆಚ್ಚು ಬೇಕು. ಜಾಗವೇ ಇರಲಿಲ್ಲ. 1985ರ ಸೂಪರ್ ಮಾರಿಯೊ ಬ್ರದರ್ಸ್ ಚಿತ್ರ, ಹಾಡು, ಆಟ ಎಲ್ಲ ಸೇರಿ 40 ಕಿಲೋಬೈಟ್. ಬೆಳಿಗ್ಗೆ ವಾಟ್ಸ್ಯಾಪಿಗೆ ಬರುವ ಶುಭೋದಯದ ಚಿತ್ರ ಅದಕ್ಕಿಂತ ಭಾರ.

ಇಷ್ಟರಲ್ಲೇ ಹಾಡು ತುಂಬಿಕೊಂಡು ಕೇಳುವಂತೆ ಮಾಡಿದವರ ಜಾಣತನ ಇರುವುದು ಕಿವಿಗೆ ಮಣ್ಣೆರಚುವುದರಲ್ಲಿ. ಮೂರು ಸ್ವರ ಒಟ್ಟಿಗೆ ಬೇಕೇ? ಒಂದೇ ದನಿಯಲ್ಲಿ ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕೊಮ್ಮೆ ಸ್ವರ ಬದಲಿಸುತ್ತ ಹೋದರೆ ಕಿವಿ ತಾನೇ ಮೂರನ್ನೂ ಕೂಡಿಸಿಕೊಳ್ಳುತ್ತದೆ. ಗುಡಿಯೊಳಗಿನ ಗುಂಯ್ ಬೇಕೇ? ಮೊದಲ ಪಲ್ಸ್ ನುಡಿಸಿದ್ದನ್ನೇ ಎರಡನೆಯದು ತುಸು ತಡವಾಗಿ, ಮೆಲ್ಲಗೆ ನುಡಿಸಿದರಾಯಿತು. ತ್ರಿಕೋನದ ಸ್ವರವನ್ನು ಮೇಲಿಂದ ಝರ್ರನೆ ಇಳಿಸಿದರೆ ಡಗ್ಗಾದ ಗುಮಕಿ ಬರುತ್ತದೆ. ಇನ್ನು ಮಾರಿಯೊ ಹಾರಿದಾಗ ಬರುವ ಸದ್ದಿಗೆ ಬೇರೆ ದನಿ ಎಲ್ಲಿಂದ ತರಬೇಕು? ಒಂದು ಪಲ್ಸ್ ಆ ಕ್ಷಣಕ್ಕೆ ಹಾಡು ಬಿಟ್ಟು ಬಂದು 'ಪುಯ್ಯ್' ಎಂದು ಹೋಗುತ್ತದೆ. ಸಂಗೀತಗಾರ ಕೋಜಿ ಕೊಂಡೊ ಕಟ್ಟಿದ ಆ ಹಾಡು ಅಷ್ಟು ಕತ್ತರಿ ತಿಂದೂ ಮುರಿಯುವುದಿಲ್ಲ. ಅದರ ದೊಡ್ಡಸ್ತಿಕೆ ಇರುವುದು ಅಲ್ಲೇ ಎಂದು ನನಗನ್ನಿಸುತ್ತದೆ.

ಈಗ ನಕಲಿನ ಕತೆ. ನಮ್ಮ ಕರೆಂಟು 50 ಹರ್ಟ್ಸ್, ಆಗಿನ ಟಿವಿಯೂ ಸೆಕೆಂಡಿಗೆ 50 ಸಲ ತೆರೆ ಬರೆಯುತ್ತಿತ್ತು. ಜಪಾನಿನ ಟಿವಿಯಲ್ಲಿ ಅದು 60. ಆಟ ತನ್ನ ಲಯವನ್ನು ಈ ಎಣಿಕೆಯಿಂದಲೇ ಹಿಡಿಯುವುದರಿಂದ ಅಲ್ಲಿ 60 ಸೆಕೆಂಡಿಗೆ ಮುಗಿಯುವ ಹಾಡು ಇಲ್ಲಿ 72 ಸೆಕೆಂಡು ಓಡುತ್ತದೆ. ಚಿಪ್ಪಿನ ಗಡಿಯಾರವೂ ತುಸು ನಿಧಾನ, ಹಾಗಾಗಿ ಶ್ರುತಿ ಶೇಕಡ ಒಂದರಷ್ಟೂ ಇಲ್ಲದ ಇಳಿತ. ಇವೆರಡಕ್ಕಿಂತ ಸೋಜಿಗದ್ದು ಇನ್ನೊಂದಿದೆ. ಪಲ್ಸ್ ಅಲೆ ಎಷ್ಟು ಹೊತ್ತು ಮೇಲಿದ್ದು ಎಷ್ಟು ಹೊತ್ತು ಕೆಳಗಿರಬೇಕು ಎನ್ನುವುದರ ಮೇಲೆ ದನಿಯ ಬಣ್ಣ ನಿಂತಿದೆ. ಶೇಕಡ 25 ಆದರೆ ತೆಳು, ಚೂಪು. 50 ಆದರೆ ಗುಂಡಗೆ, ಟೊಳ್ಳು. ಆ ಕಾಲದ ಹಲವು ನಕಲು ಚಿಪ್ಪುಗಳಲ್ಲಿ ಈ ಎರಡೂ ಅದಲುಬದಲಾಗಿವೆ. ತೆಳುವಾಗಿ ಕೇಳಬೇಕಾದ ಕಡೆ ಗುಂಡಗೆ, ಗುಂಡಗೆ ಇರಬೇಕಾದಲ್ಲಿ ಚೂಪಾಗಿ. ಇಂಥ ಡಬ್ಬಿಯಲ್ಲಿ ಆಡಿ ಬೆಳೆದವರು ಇವತ್ತು ಯೂಟ್ಯೂಬಿನಲ್ಲಿ ಮೂಲ ಹಾಡು ಕೇಳಿ 'ಇದ್ಯಾಕೋ ಬ್ಯಾರೆ ಅನಸ್ತದ' ಎಂದರೆ ಅವರನ್ನು ನಂಬಬೇಕು.

ನಮ್ಮ ಸಂಗೀತ ಈ ಚಿಪ್ಪಿಗೆ ಒಗ್ಗೀತೆ? ನಮ್ಮ ಕಡೆಯ ಭಜನೆಗೆ ಪೇಟಿ ಬೇಕೇ ಬೇಕು, ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಪೇಟಿಯಲ್ಲಿ ಬಾರದು. ಚಿಪ್ಪಿನಲ್ಲಿ ಬರುತ್ತದೆ. ಇಲ್ಲಿ ಸ್ವರ ಎಂದರೆ 2047ರ ಒಳಗಿನ ಒಂದು ಸಂಖ್ಯೆ, ಸಂಖ್ಯೆ ಹಿಗ್ಗಿದಷ್ಟೂ ಸ್ವರ ಇಳಿಯುತ್ತದೆ. ಪೇಟಿಯ ಬಿಳಿ ಆರು, ಅಂದರೆ 440 ಹರ್ಟ್ಸ್, ಮೂಲ ಚಿಪ್ಪಿನಲ್ಲಿ 253. ಅಲ್ಲಿ ಒಂದು ಸಂಖ್ಯೆ ಸರಿಸಿದರೆ ಎರಡು ಹರ್ಟ್ಸ್ ಕೂಡ ಬದಲಾಗದು, ಮೀಂಡ್ ಎಣ್ಣೆಯಂತೆ ಜಾರುತ್ತದೆ. ಎರಡು ಸಪ್ತಕ ಮೇಲೆ ಹೋದರೆ ಅದೇ ಒಂದು ಹೆಜ್ಜೆಗೆ ಸುಮಾರು 28 ಹರ್ಟ್ಸ್. ತಾರದಲ್ಲಿ ಜಾರುವ ಮಾತಿಲ್ಲ, ಮೆಟ್ಟಿಲಿಳಿಯುವುದೇ. ಕೆಳಗೂ ಒಂದು ತೊಡಕಿದೆ. ಸಂಖ್ಯೆ 255 ದಾಟಿ 256 ಆದಾಗ ಅದರ ಮೇಲ್ಭಾಗವನ್ನು ಹೊಸದಾಗಿ ಬರೆಯಬೇಕು, ಬರೆದೊಡನೆ ಅಲೆ ಮೊದಲಿಂದ ಶುರುವಾಗಿ 'ಟಕ್' ಎನ್ನುತ್ತದೆ. ಬಿಳಿ ಆರರಿಂದ ಕೆಳಗಿಳಿದರೆ ಈ ಗಡಿ ಎರಡೇ ಹೆಜ್ಜೆ ದೂರ! ಷಡ್ಜವನ್ನೇ ಆಚೀಚೆ ಸರಿಸಿ ಗಡಿಯನ್ನು ತಪ್ಪಿಸಿಕೊಳ್ಳಬಹುದು. ತಂಬೂರಿಯ ಕೆಲಸ ತ್ರಿಕೋನಕ್ಕೆ ಕೊಡಬಹುದು. ಅದಕ್ಕೆ ದನಿ ಏರಿಸುವ ಇಳಿಸುವ ಸೌಲಭ್ಯವಿಲ್ಲ, ಇದ್ದರೆ ಪೂರ್ತಿ, ಇಲ್ಲವಾದರೆ ಮೌನ. ಸಾ ಹಿಡಿದು ನಿಲ್ಲಲು ಅಷ್ಟು ಸಾಕು, ತಂತಿ ಮೀಟಿದ ಮೇಲಿನ ಕರಗುವಿಕೆ ಮಾತ್ರ ಸಿಗದು. ಡಗ್ಗಾದ ಗುಮಕಿಯೂ ಇದರಿಂದಲೇ ಬೇಕೆಂದರೆ ಪ್ರತಿ ಪೆಟ್ಟಿಗೆ ಸಾ ತುಂಡಾಗುತ್ತದೆ.

ಕಲಿಯಲು ಹಳೆಯ ಡಬ್ಬಿ ಹುಡುಕಿಕೊಂಡು ಅಲೆಯಬೇಕಿಲ್ಲ. ಫ್ಯಾಮಿಟ್ರ್ಯಾಕರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಐದು ದನಿಗೆ ಐದು ಕಂಬಸಾಲು, ಮೇಲಿಂದ ಕೆಳಕ್ಕೆ ಸ್ವರ ಬರೆಯುತ್ತ ಹೋಗುವುದು. ಸ್ವರಲಿಪಿ ಬರೆದು ರೂಢಿಯಿದ್ದವರಿಗೆ ಇದು ಬೇಗ ಹಿಡಿತಕ್ಕೆ ಬರುತ್ತದೆ. ಫ್ಯಾಮಿಸ್ಟುಡಿಯೊ ಇನ್ನೂ ಸಲೀಸು, ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಮೊದಲು ಗೊತ್ತಿರುವ ಒಂದು ಭಜನೆಯ ಪಲ್ಲವಿಯನ್ನು ಒಂದೇ ಪಲ್ಸ್‌ನಲ್ಲಿ ಬರೆದು ನೋಡುವುದು ಒಳ್ಳೆಯದು. ಅದು ಕುದುರಿದ ಮೇಲೆ ಎರಡನೆಯದನ್ನು ತಡವಾಗಿ ಹಿಂದೆ ಬಿಡಬಹುದು. ತ್ರಿಕೋನಕ್ಕೆ ಬಂದಾಗ ಮಾತ್ರ ಹೆಡ್‌ಫೋನ್ ಹಾಕಿಕೊಳ್ಳಿ, ಫೋನಿನ ಪುಟ್ಟ ಸ್ಪೀಕರಿಗೆ ಆ ಮಂದ್ರ ದಕ್ಕುವುದಿಲ್ಲ.