ವೈದ್ಯನ ಮಾತಿಗೆ ಸಂಭಾವನೆ

ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿಟ್ಟು ವಿಶ್ರಮಿಸುವ ಮಳೆಗಾಲದ ರಾತ್ರಿಗಳಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯ ಯಾವುದಾದರೊಂದು ಮನೆಯ ಜಗುಲಿಯ ಮೇಲೆ, ಹೊರಗೆ ಅಡಕೆಯ ತೋಟದ ಮೇಲೆ ಮಳೆ ಧಾರಾಕಾರವಾಗಿ ಸುರಿಯುತ್ತಿರಲು, ಎದುರುಬದುರಾಗಿ ಕುಳಿತ ತಾಳಮದ್ದಲೆಯ ಅರ್ಥಧಾರಿಗಳು ವೇಷವಿಲ್ಲದೆ, ಕುಣಿತವಿಲ್ಲದೆ, ಕೇವಲ ವಾಗ್ವೈಭವದಿಂದಲೇ ಕೃಷ್ಣನನ್ನೂ ಕೌರವನನ್ನೂ ಪ್ರತ್ಯಕ್ಷಗೊಳಿಸುವುದನ್ನು ಕಂಡವರಿಗೆ, ಈ ನೆಲದಲ್ಲಿ ಮಾತಿಗೆ ಎಂಥ ಬೆಲೆಯುಂಟೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮಂಗಳ ಪದ ಮುಗಿದ ಮೇಲೆ ತಾಂಬೂಲದೊಡನೆ ಅರ್ಥಧಾರಿಯ ಕೈಗೆ ಬರುವ ಸಂಭಾವನೆಯನ್ನು ಕೊಡುವವನೂ ನಾಚಿಕೊಳ್ಳುವುದಿಲ್ಲ, ಕೊಳ್ಳುವವನೂ ನಾಚಿಕೊಳ್ಳುವುದಿಲ್ಲ. ಹರಿಕಥೆಯಿಂದಲೂ ಅರ್ಥಗಾರಿಕೆಯಿಂದಲೂ ಬದುಕಿದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಿದ್ವತ್ತನ್ನು ಮಾರಿಕೊಂಡರೆಂದು ಯಾರೂ ಆಡಿಕೊಂಡದ್ದಿಲ್ಲ. ಅದೇ ವೇದಿಕೆಯ ಮೇಲೆ ವೈದ್ಯನೊಬ್ಬನು ನಿಂತು ಒಂದು ಗಂಟೆ ಮಾತನಾಡಿ ಸಂಭಾವನೆಯನ್ನು ಸ್ವೀಕರಿಸಿದರೆ ಮಾತ್ರ ನಮ್ಮ ಮನಸ್ಸು ಏಕೋ ಹಿಂಜರಿಯುತ್ತದೆ. ಈ ಹಿಂಜರಿಕೆಯಲ್ಲಿ ಅರ್ಧ ವಿವೇಕವಿದೆ, ಅರ್ಧ ಅನ್ಯಾಯವಿದೆ ಎಂದು ನನಗೆ ತೋರುತ್ತದೆ.

ಸಿದ್ದಾಪುರ ತಾಲ್ಲೂಕಿನ ಘಟ್ಟದಂಚಿನ ನಿಲ್ಕುಂದದಲ್ಲಿ, ಕಾರ್ತಿಕಮಾಸದ ಒಂದು ಸಂಜೆ ನಾನು ಕೇಳಿದ ಉಪನ್ಯಾಸವೊಂದು ಈ ವಿಚಾರವನ್ನು ನನ್ನಲ್ಲಿ ಬಿತ್ತಿತು. ವಿಷಯ ಮಂಗನ ಕಾಯಿಲೆ. 1957ರ ಮಾರ್ಚಿಯಲ್ಲಿ, ಇಲ್ಲಿಂದ ಬಹಳ ದೂರವೇನೂ ಅಲ್ಲದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬಿದ್ದು, ಸುತ್ತಣ ಹಳ್ಳಿಗರು ಘೋರಜ್ವರದಿಂದ ಮಲಗಿದಾಗ, ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಉಣುಗಿನ ಕಡಿತದಿಂದ ಹರಡುವ ಹೊಸದೊಂದು ವೈರಾಣುವನ್ನು ಪತ್ತೆಹಚ್ಚಿದರು. ಆ ಕಾಡಿನ ಹೆಸರೇ ರೋಗಕ್ಕೂ ನಿಂತಿತು. 2024ರ ಆರಂಭದ ತಿಂಗಳುಗಳಲ್ಲಿ ಸಿದ್ದಾಪುರ ತಾಲ್ಲೂಕು ಅದರ ಕಾವನ್ನು ಚೆನ್ನಾಗಿಯೇ ಅನುಭವಿಸಿತು. ಬಹುಕಾಲ ಕೊಡುತ್ತಿದ್ದ ಹಳೆಯ ಲಸಿಕೆಯು ಸಾಕಷ್ಟು ರಕ್ಷಣೆ ನೀಡುವುದಿಲ್ಲವೆಂದು ಕಂಡುಬಂದು 2022ರಲ್ಲಿ ನಿಂತುಹೋದ ಕಾರಣ, ಜನರ ಎಚ್ಚರವೇ ಮುಖ್ಯವಾದ ಔಷಧವಾಗಿ ಉಳಿದಿತ್ತು. ಎಚ್ಚರವನ್ನು ಹುಟ್ಟಿಸಲು ಮಾತಲ್ಲದೆ ಬೇರೆ ಸಾಧನವೇನಿದೆ?

ವೈದ್ಯರು ಅಂದು ಚಿತ್ರಪಟಗಳನ್ನು ತಂದಿರಲಿಲ್ಲ. ಒಂದು ಬಿಳಿಯ ಬಟ್ಟೆಯ ತುಂಡನ್ನು ತಂದಿದ್ದರು. ಕಾಡಿನಲ್ಲಿ ಉಣುಗಿನ ಲೆಕ್ಕ ಹಿಡಿಯುವವರು ಇಂಥ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದುಕೊಂಡು ಹೋಗುತ್ತಾರೆಂದೂ, ಹಾಗೆ ಎಳೆದಾಗ ಹತ್ತಿಕೊಂಡವುಗಳನ್ನೇ ಪಾರದರ್ಶಕವಾದ ಅಂಟುಪಟ್ಟಿಯ ಕೆಳಗೆ ಭದ್ರಪಡಿಸಿ ತಂದಿರುವೆನೆಂದೂ ಹೇಳಿ, ಅದನ್ನು ಸಭಿಕರ ಕೈಯಿಂದ ಕೈಗೆ ದಾಟಿಸಿದರು. ರಾಗಿಕಾಳಿಗಿಂತಲೂ ಸಣ್ಣದಾದ ಕಂದು ಚುಕ್ಕೆಗಳು. ಕಣ್ಣಿಗೆ ಹತ್ತಿರ ಹಿಡಿದರೆ ಮಾತ್ರ ಕಾಲುಗಳು ಕಾಣುತ್ತಿದ್ದವು. ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ, ಹೆಡಿಗೆ ತುಂಬಿ, ತಲೆಯ ಮೇಲೆ ಹೊತ್ತು ತರುವ ಹೆಂಗಸರು ಆ ಬಟ್ಟೆಯನ್ನು ಹಿಡಿದು ಬಹಳ ಹೊತ್ತು ನೋಡಿದರು. ಅನಂತರ ವೈದ್ಯರು ಹೇಳಿದ್ದು ಕೆಲವೇ ಸಂಗತಿಗಳನ್ನು: ಬೆಟ್ಟಕ್ಕೆ ಹೊರಡುವ ಮುನ್ನ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಬೇಕು, ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಉಟ್ಟ ಬಟ್ಟೆಯನ್ನೂ ಕುದಿನೀರಿಗೆ ಹಾಕಬೇಕು, ಸತ್ತ ಮಂಗವನ್ನು ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸಬೇಕು, ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬಾರದು. ಇದೇ ಮಾತುಗಳಿದ್ದ ಕರಪತ್ರವೊಂದು ಸಭೆ ನಡೆದ ಕಟ್ಟಡದ ಗೋಡೆಯ ಮೇಲೆಯೇ ವರ್ಷಗಟ್ಟಲೆ ತೂಗುತ್ತಿತ್ತು. ಅದನ್ನು ಯಾರೂ ಇಷ್ಟು ಹತ್ತಿರದಿಂದ ನೋಡಿದ್ದಿಲ್ಲ.

ಆ ಒಂದು ಗಂಟೆಯ ಹಿಂದೆ ಎಷ್ಟು ಶ್ರಮವಿತ್ತು! ಅರ್ಧ ದಿನ ಚಿಕಿತ್ಸಾಲಯದ ಬಾಗಿಲು ಮುಚ್ಚಬೇಕು. ಆ ಹೊತ್ತಿನಲ್ಲಿ ಬರಬೇಕಾಗಿದ್ದ ರೋಗಿಗಳ ಶುಲ್ಕ ಕೈಬಿಡಬೇಕು. ತಿರುವುಗಳ ದಾರಿಯಲ್ಲಿ ಹೋಗಿ ಬರಬೇಕು. ಪಾಠವಾಗಿ ಇಂಗ್ಲಿಷಿನಲ್ಲಿ ಕಲಿತುದನ್ನು ತೋಟಿಗರ ಕನ್ನಡಕ್ಕೆ ಇಳಿಸಿಕೊಳ್ಳಬೇಕು. ಇದನ್ನು ದುಡಿಮೆಯಲ್ಲವೆಂದು ಹೇಳುವವರು ದುಡಿಮೆಯ ಅರ್ಥವನ್ನು ಸಂಕುಚಿತಗೊಳಿಸುತ್ತಾರೆ.

ಶಾಸ್ತ್ರವೂ ಇದಕ್ಕೆ ಅಡ್ಡಿಯಲ್ಲವೆಂಬುದನ್ನು ಬಹುಮಂದಿ ಅರಿಯರು. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನೀತಿಯ ನಿಯಮಾವಳಿಯು, ವೈದ್ಯನು ತನ್ನನ್ನು ತಾನು ಜಾಹೀರುಪಡಿಸಿಕೊಂಡು ರೋಗಿಗಳನ್ನು ಸೆಳೆಯುವಂಥ ಲೇಖನ, ಸಂದರ್ಶನಗಳನ್ನು ನಿಷೇಧಿಸುತ್ತಲೇ, ಸಾರ್ವಜನಿಕ ಆರೋಗ್ಯವನ್ನೂ ಆರೋಗ್ಯಕರವಾದ ಜೀವನವನ್ನೂ ಕುರಿತು ತನ್ನ ಹೆಸರಿನಲ್ಲಿಯೇ ಬರೆಯಲು, ಬಹಿರಂಗ ಉಪನ್ಯಾಸ ಮಾಡಲು, ಆಕಾಶವಾಣಿಯಲ್ಲಿಯೂ ದೂರದರ್ಶನದಲ್ಲಿಯೂ ಮಾತನಾಡಲು ಸ್ಪಷ್ಟವಾದ ಅವಕಾಶವನ್ನು ಕಲ್ಪಿಸಿದೆ. ಗೆರೆ ಎಳೆದಿರುವುದು ಅಲ್ಲಿ: ಮಾತು ರೋಗದ ಕುರಿತಾಗಿದ್ದರೆ ಸಲ್ಲುತ್ತದೆ, ತನ್ನ ಅಂಗಡಿಯ ಕುರಿತಾದರೆ ಸಲ್ಲದು. ಸರಕಾರಿ ಸೇವೆಯಲ್ಲಿರುವ ವೈದ್ಯರು ಸಂಭಾವನೆಯನ್ನು ಒಪ್ಪಿಕೊಳ್ಳುವ ಮುನ್ನ ತಮ್ಮ ಸೇವಾನಿಯಮಗಳನ್ನು ನೋಡಿ, ಮೇಲಧಿಕಾರಿಗಳ ಅಪ್ಪಣೆಯನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಕನ್ನಡದಲ್ಲಿ ಈ ದಾರಿಯನ್ನು ಸವೆಸಿದವರು ಸಾಮಾನ್ಯರಲ್ಲ. 1942ರಲ್ಲಿ ‘ಕೊರವಂಜಿ’ಯನ್ನು ಹುಟ್ಟುಹಾಕಿ ನಾಡನ್ನು ನಗಿಸಿದ ‘ರಾಶಿ’ ವೃತ್ತಿಯಿಂದ ವೈದ್ಯರಾದ ಡಾ. ಎಂ. ಶಿವರಾಂ; ಮನಸ್ಸಿನ ರೋಗಗಳನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ‘ತಾಯಿ ಮಗು’, ‘ಕೇಳು ಕಿಶೋರಿ’ಗಳ ಮೂಲಕ, ಹೆಣ್ಣುಮಕ್ಕಳು ತಾಯಿಯ ಬಳಿಯಲ್ಲಿಯೂ ಕೇಳಲಾರದ ಪ್ರಶ್ನೆಗಳಿಗೆ ಉತ್ತರವಿತ್ತವರು ಡಾ. ಅನುಪಮಾ ನಿರಂಜನ (1934–1991). ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಊರೂರು ತಿರುಗಿ ಮನೋರೋಗದ ಭಯವನ್ನು ಬಿಡಿಸಿದರು. ಡಾ. ನಾ. ಸೋಮೇಶ್ವರರು ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಿಂದ ಮನೆಮನೆಯ ಪರಿಚಿತರಾದರು. ಇವರೆಲ್ಲ ಹಣಕ್ಕಾಗಿ ಮಾತನಾಡಿದರೆಂಬುದು ನನ್ನ ಅಭಿಪ್ರಾಯವಲ್ಲ. ವೈದ್ಯನ ಕನ್ನಡಕ್ಕೆ ಶ್ರೋತೃಗಳಿದ್ದಾರೆಂಬುದಕ್ಕೆ ಇವರು ಸಾಕ್ಷಿ.

ಹಣ ಬರುವ ದಾರಿಗಳಾದರೂ ಯಾವುವು? ಆಕಾಶವಾಣಿಯದು ಅತ್ಯಂತ ಹಳೆಯದು: 1950ರ ಜನವರಿಯಲ್ಲಿ ಧಾರವಾಡ ಕೇಂದ್ರವು ಆರಂಭವಾದಂದಿನಿಂದ ಈ ಭಾಗದವರ ಕಿವಿ ಅದಕ್ಕೆ ಒಗ್ಗಿದೆ; ಭಾಷಣದ ಸಂಭಾವನೆಯು ಅಲ್ಪವಾದರೂ, ಹತ್ತು ನಿಮಿಷಗಳಲ್ಲಿ ಒಂದು ವಿಷಯವನ್ನು ಮುಗಿಸುವ ಶಿಸ್ತನ್ನು ಅದು ಕಲಿಸುತ್ತದೆ. ಸಹಕಾರಿ ಸಂಘಗಳು, ಕಾಲೇಜುಗಳು, ವ್ಯಾಖ್ಯಾನಮಾಲೆಗಳು ಪ್ರಯಾಣದ ಖರ್ಚನ್ನೂ ಗೌರವಧನವನ್ನೂ ಕೊಡುತ್ತವೆ. ನಗರಗಳ ಬ್ಯಾಂಕುಗಳೂ ಕಾರ್ಖಾನೆಗಳೂ ಸಾಫ್ಟ್‌ವೇರ್ ಸಂಸ್ಥೆಗಳೂ ತಮ್ಮ ನೌಕರರಿಗಾಗಿ ರಕ್ತದೊತ್ತಡ, ನಿದ್ರೆ, ಬೆನ್ನುನೋವುಗಳನ್ನು ಕುರಿತು ಉಪನ್ಯಾಸಗಳನ್ನು ಏರ್ಪಡಿಸಿ, ಹಳ್ಳಿಯು ಊಹಿಸಲಾರದಷ್ಟು ಕೊಡುವುದುಂಟು. ಪ್ರತಿ ಐದು ವರ್ಷಗಳಲ್ಲಿ 30 ಗಂಟೆಗಳ ಮುಂದುವರಿದ ವೈದ್ಯಕೀಯ ಶಿಕ್ಷಣವನ್ನು ವೈದ್ಯರು ಪಡೆಯಬೇಕೆಂಬ ನಿಯಮವಿರುವುದರಿಂದ, ವೈದ್ಯರಿಗೇ ಪಾಠ ಹೇಳುವ ಸಭೆಗಳೂ ಸಾಕಷ್ಟಿವೆ. ಸಭಾಂಗಣದ ಬಾಗಿಲಲ್ಲಿ ಮಾರಾಟಕ್ಕಿಟ್ಟ ಸ್ವಂತ ಪುಸ್ತಕವೂ ಒಂದಿಷ್ಟು ತರುತ್ತದೆ. ಎಷ್ಟು ಬೇಕೆಂಬುದನ್ನು ಮೊದಲೇ, ಸಂಕೋಚವಿಲ್ಲದೆ, ಕಾಗದದಲ್ಲಿ ಬರೆದು ತಿಳಿಸಿಬಿಡುವುದು ಉಭಯರಿಗೂ ಹಿತ. ಬಡ ಶಾಲೆಗೆ ಬಿಟ್ಟುಕೊಡಬೇಕಾದದ್ದನ್ನು ಶ್ರೀಮಂತ ಸಂಸ್ಥೆಯಿಂದ ತುಂಬಿಸಿಕೊಳ್ಳುವುದರಲ್ಲಿ ದೋಷವೇನೂ ಇಲ್ಲ. ಇವೆಲ್ಲ ಆದಾಯ ತೆರಿಗೆಯ ಲೆಕ್ಕಕ್ಕೆ ಬರತಕ್ಕವು; ಮಿತಿ ಮೀರಿದ ಮೊತ್ತವಾದರೆ ದೊಡ್ಡ ಸಂಸ್ಥೆಗಳು ಶೇಕಡಾ 10ರಷ್ಟನ್ನು ಮೂಲದಲ್ಲಿಯೇ ಹಿಡಿದಿಟ್ಟುಕೊಳ್ಳುತ್ತವೆ.

ಇನ್ನು ಹಿಂಜರಿಕೆಯ ವಿವೇಕದ ಭಾಗ. ಕೆಲವು ವರ್ಷಗಳ ಹಿಂದೆ, ನಗರದ ಹೋಟೆಲೊಂದರಲ್ಲಿ ಸಕ್ಕರೆ ಕಾಯಿಲೆಯ ಉಪನ್ಯಾಸವೆಂದು ನಂಬಿ ಹೋಗಿ ಕುಳಿತ ನನಗೆ, ಅರ್ಧ ಗಂಟೆ ಕಳೆದ ಮೇಲೆ, ವಿದ್ವಾಂಸರಾದ ಆ ವೈದ್ಯರ ವಾಕ್ಯಗಳೆಲ್ಲ ಒಂದೇ ಮಾತ್ರೆಯ ಹೆಸರಿನ ಕಡೆಗೆ ಹರಿಯುತ್ತಿರುವುದು ತಿಳಿದು, ಮನಸ್ಸು ಬಹಳ ನೊಂದಿತು. ಸಭೆಯ ವೆಚ್ಚವನ್ನು ಹೊತ್ತವರು ಯಾರೆಂಬುದನ್ನು ಯಾರೂ ಹೇಳಲಿಲ್ಲ. ಔಷಧ ಕಂಪನಿಗಳಿಂದ ವೈದ್ಯರು ಉಡುಗೊರೆ, ಪ್ರವಾಸ, ಆತಿಥ್ಯಗಳನ್ನು ಸ್ವೀಕರಿಸಕೂಡದೆಂದು ವೈದ್ಯಕೀಯ ಪರಿಷತ್ತು 2009ರ ಡಿಸೆಂಬರಿನಲ್ಲಿ ವಿಧಿಸಿತು. ಇಂಥ ಕೊಡುಗೆಗಳ ವೆಚ್ಚಕ್ಕೆ ಕಂಪನಿಗಳು ತೆರಿಗೆ ವಿನಾಯಿತಿ ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. 2024ರ ಮಾರ್ಚಿಯಲ್ಲಿ ಬಂದ ಔಷಧ ಮಾರಾಟದ ಸಂಹಿತೆಯು ಪ್ರಯಾಣ, ವಸತಿಗಳ ನಿಷೇಧದಿಂದ ಉಪನ್ಯಾಸಕರನ್ನು ಮಾತ್ರ ಹೊರಗಿಟ್ಟಿದೆ. ಈ ಕಿಟಕಿಯೊಂದು ತೆರೆದಿರುವುದರಿಂದಲೇ ಉಪನ್ಯಾಸದ ಹೆಸರು ಇತರ ಋಣಗಳಿಗೆ ಹೊದಿಕೆಯಾಗುವ ಭಯವುಂಟು. ಅಮೆರಿಕದಲ್ಲಿ 2010ರ ಕಾನೂನಿನಂತೆ, ಯಾವ ಕಂಪನಿ ಯಾವ ವೈದ್ಯನಿಗೆ ಭಾಷಣಕ್ಕೆಂದು ಎಷ್ಟು ಕೊಟ್ಟಿತೆಂಬುದನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿಯೂ ಅಂಥದೊಂದು ಬರಬೇಕು; ಬರುವ ತನಕ, ಈ ಸಂಜೆಯ ವೆಚ್ಚವನ್ನು ಇಂಥವರು ಭರಿಸಿದ್ದಾರೆ ಎಂಬ ಒಂದು ವಾಕ್ಯದಿಂದ ವೈದ್ಯನು ತನ್ನ ಮಾತನ್ನು ಆರಂಭಿಸಲಿ. ಆ ವಾಕ್ಯವನ್ನು ಆಡಲು ನಾಲಗೆ ತಡವರಿಸುವುದಾದರೆ, ಸಂಭಾವನೆಯ ಲಕೋಟೆಯನ್ನು ಮುಟ್ಟದಿರಲಿ.

ನಿಲ್ಕುಂದದ ಸಭೆಯಲ್ಲಿ ಅದನ್ನು ಹೇಳಬೇಕಾದ ಅಗತ್ಯವಿರಲಿಲ್ಲ. ವಂದನಾರ್ಪಣೆಯಾದ ಮೇಲೆ ವೃದ್ಧರೊಬ್ಬರು ಹರಿವಾಣದಲ್ಲಿ ವೀಳ್ಯ, ಅಡಕೆ, ತೆಂಗಿನಕಾಯಿಗಳನ್ನೂ ಅವುಗಳ ಮೇಲೊಂದು ಲಕೋಟೆಯನ್ನೂ ಇಟ್ಟು ಮುಂದೆ ನಿಂತರು. ವೈದ್ಯರ ಕೈ ತೆಂಗಿನಕಾಯಿಯ ಮೇಲೆಯೇ ನಿಂತಿತು.

“ಅರ್ಥ ಹೇಳಿದವ್ರಿಗೆ ಕೊಡೂದಿಲ್ವ ಡಾಕ್ಟ್ರೇ? ಇದೂ ಹಾಂಗೇ. ಬೇಡ ಹೇಳ್ಬೇಡಿ.”

ಅವರು ತೆಗೆದುಕೊಂಡರು. ಬಿಳಿಯ ಬಟ್ಟೆ ಮಾತ್ರ ಮರಳಿ ಬಂದಿರಲಿಲ್ಲ. ಬೆಟ್ಟಕ್ಕೆ ಜೊತೆಯಾಗಿ ಹೋಗುವ ನಾಲ್ಕೈದು ಹೆಂಗಸರು ಬಾಗಿಲ ಬಳಿಯ ದೀಪದ ಕೆಳಗೆ ಅದನ್ನು ಹರಡಿಕೊಂಡು, ಮನೆಯಲ್ಲಿ ಉಳಿದ ಸೊಸೆಯಂದಿರಿಗೆ ತೋರಿಸಿ ನಾಳೆ ತಂದುಕೊಡುವೆವೆಂದು ಕೇಳುತ್ತಿದ್ದರು.