ಕಾಯಿಹಾಲು ಒಡೆಯುವುದೇಕೆ?

ವಾರಾಹಿ ನದಿಯ ದಂಡೆಯ ಹಟ್ಟಿಯಂಗಡಿ ಸಿದ್ಧಿವಿನಾಯಕ ದೇವಸ್ಥಾನದಿಂದ ಹೆಸರಾದ ಊರು. ಕುಂದಾಪುರ ಸೀಮೆಯ ಉಳಿದ ಊರುಗಳಂತೆ ಇಲ್ಲಿಯೂ ತೆಂಗಿನಕಾಯಿ ಇಲ್ಲದೆ ಅಡುಗೆ ಸಾಗದು. ಹಬ್ಬದ ಕಡಲೆಬೇಳೆ ಪಾಯಸವಿರಲಿ, ನೆಂಟರು ಬಂದ ದಿನದ ಕೋಳಿ ಸಾರಿರಲಿ, ದಪ್ಪ ಕಾಯಿಹಾಲು ಬೀಳುವುದು ಕಟ್ಟಕಡೆಗೆ. ಹಾಲು ಹಾಕಿದ ಮೇಲೆ ಕುದಿಸಕೂಡದು ಎಂಬುದು ಕರಾವಳಿಯ ಅಡುಗೆಮನೆಗಳ ಕಟ್ಟುನಿಟ್ಟಿನ ನಿಯಮ. ಮರೆತು ಕುದಿಸಿದರೆ ಹಾಲು ಒಡೆದು, ಎಣ್ಣೆ ಮೇಲೆ ತೇಲಿ, ಸಾರು ತರಿತರಿಯಾಗುತ್ತದೆ. ನಾಲ್ಕಾರು ಕಾಯಿಗಳ ಶ್ರಮ ಒಂದೇ ಕುದಿಗೆ ಹಾಳು.

ಕಾರಣ ಸರಳ. ಕಾಯಿಹಾಲೆಂದರೆ ನೀರಿನಲ್ಲಿ ಹರಡಿಕೊಂಡ ಎಣ್ಣೆಯ ಸಣ್ಣ ಹನಿಗಳು. ಕಾಯಿಯಲ್ಲೇ ಇರುವ ಪ್ರೋಟೀನು ಈ ಹನಿಗಳಿಗೆ ಪೊರೆಯಂತೆ ಸುತ್ತಿಕೊಂಡು ಅವು ಒಂದಕ್ಕೊಂದು ಕೂಡದಂತೆ ತಡೆಯುತ್ತದೆ. ಬಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರೋಟೀನು ಗರಣೆಗಟ್ಟಿ ಪೊರೆ ಕೆಡುತ್ತದೆ. ಹುಳಿ ಹೆಚ್ಚಾದರೂ ಅದೇ ಗತಿ. ಎರಡನೆಯ ಸಲ ನೀರು ಹಾಕಿ ಹಿಂಡಿದ ತೆಳು ಹಾಲಿನಲ್ಲಿ ಎಣ್ಣೆಯ ಅಂಶ ಕಡಿಮೆ. ಆದ್ದರಿಂದಲೇ ಬೇಯಿಸುವುದಕ್ಕೆ ಅದನ್ನು ಬಳಸಿ, ಮೊದಲ ಹಾಲನ್ನು ಕೊನೆಗೆಂದು ಎತ್ತಿಡುತ್ತಾರೆ.

ಫ್ರೆಂಚರ ಹಾಲೆಂಡೈಸ್ ಸಾಸಿನ ಸಂಕಟವೂ ಇದೇ. ಮೊಟ್ಟೆಯ ಹಳದಿಯನ್ನು ಹದವಾದ ಬಿಸಿಯಲ್ಲಿ ಕಡೆಯುತ್ತ, ಕರಗಿದ ಬೆಣ್ಣೆಯನ್ನು ಹನಿಹನಿಯಾಗಿ ಬೆರೆಸಿ, ನಿಂಬೆರಸ ಸೇರಿಸಿ ಮಾಡುವ ಸಾಸಿದು. ಇಲ್ಲಿ ಬೆಣ್ಣೆಯ ಹನಿಗಳನ್ನು ಹಿಡಿದಿಡುವುದು ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನು. 1651ರಲ್ಲಿ ಲಾ ವರೆನ್ ಎಂಬ ಬಾಣಸಿಗ ಪ್ರಕಟಿಸಿದ ಪುಸ್ತಕದಲ್ಲಿ ಬೆಣ್ಣೆ, ವಿನಿಗರ್, ಮೊಟ್ಟೆಯ ಹಳದಿ ಬೆರೆತ ಇಂಥದೇ ಒಂದು ಸಾಸಿನ ವಿವರವಿದೆ. ಅಲ್ಲಿ ಅದು ಪುಸ್ತಕ ಸೇರಿತು. ಇಲ್ಲಿ ಅತ್ತೆಯ ಗದರಿಕೆಯಲ್ಲೇ ಉಳಿಯಿತು. ವಿಚಿತ್ರವೆಂದರೆ ಕಾಯಿಹಾಲನ್ನು ಒಡೆಯುವ ಹುಳಿ ಹಾಲೆಂಡೈಸನ್ನು ಕಾಯುತ್ತದೆ. ಹುಳಿ ಬಿದ್ದ ಹಳದಿ ಬಿಸಿಗೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ.

ಮಜ್ಜಿಗೆ ಹುಳಿ ಒಡೆಯದಿರಲೆಂದು ಕಾಯಿಯ ಜೊತೆ ನೆನೆಸಿದ ಅಕ್ಕಿ ಅರೆಯುವುದೂ ಇದೇ ಜಾಣ್ಮೆ. ಅಕ್ಕಿಯ ಪಿಷ್ಟ ಮಜ್ಜಿಗೆಯ ಪ್ರೋಟೀನು ಗಂಟುಕಟ್ಟದಂತೆ ನೋಡಿಕೊಳ್ಳುತ್ತದೆ. ಅಂಗಡಿಯ ಡಬ್ಬಿಯ ಕಾಯಿಹಾಲಿಗೆ ಸಾಮಾನ್ಯವಾಗಿ ಅಂಟಿನಂಥ ಪದಾರ್ಥ ಸೇರಿಸಿರುತ್ತಾರೆ. ಅದು ಕುದಿದರೂ ಸುಲಭಕ್ಕೆ ಒಡೆಯದು. ಆದರೆ ಮನೆಯಲ್ಲಿ ಆಗ ತಾನೇ ಹಿಂಡಿದ ಹಾಲಿನ ಪರಿಮಳವನ್ನು ಅದರಿಂದ ನಿರೀಕ್ಷಿಸುವಂತಿಲ್ಲ.

ಹಾಲು ಒಡೆಯುವುದು ಎಲ್ಲ ಕಡೆಯೂ ತಪ್ಪಲ್ಲ. ಥಾಯ್ಲೆಂಡಿನಲ್ಲಿ ದಪ್ಪ ಹಾಲನ್ನು ಮೊದಲೇ ಬೇಕೆಂದು ಕುದಿಸಿ ಒಡೆಯುತ್ತಾರೆ. ಬಿಟ್ಟುಕೊಂಡ ಎಣ್ಣೆಯಲ್ಲಿ ಮಸಾಲೆ ಹುರಿಯುತ್ತಾರೆ. ಕೇರಳದಲ್ಲಿ ಎಳೆಮಕ್ಕಳ ಮೈಗೆ ಹಚ್ಚುವ ಉರುಕ್ಕು ವೆಳಿಚ್ಚೆಣ್ಣೆ ಬರುವುದೂ ಕಾಯಿಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿಯೇ.