ಉಪಗ್ರಹವೂ ನಕ್ಷೆಯೂ

2012ನೆಯ ಇಸವಿಯ ಡಿಸೆಂಬರ್ ತಿಂಗಳು. ಆಸ್ಟ್ರೇಲಿಯದ ಮಿಲ್ಡೂರ ಪಟ್ಟಣಕ್ಕೆ ಹೊರಟ ಕೆಲವು ಪ್ರಯಾಣಿಕರು ಮೊಬೈಲ್ ಫೋನಿನ ನಕ್ಷೆಯನ್ನು ನಂಬಿ ಕಾರು ನಡಸಿ, ಪಟ್ಟಣಕ್ಕೆ ಸುಮಾರು 70 ಕಿಲೋಮೀಟರು ದೂರದ ಮರ್ರೆ-ಸನ್‌ಸೆಟ್ ರಾಷ್ಟ್ರೀಯ ಉದ್ಯಾನದಲ್ಲಿ ಸಿಕ್ಕಿಕೊಂಡರು. ಅದು ನೀರಿಲ್ಲದ, ಕುರುಚಲು ಗಿಡಗಳ ಮರಳು ಪ್ರದೇಶ; ಬೇಸಗೆಯಲ್ಲಿ ಉಷ್ಣತೆ 46 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ಕೆಲವರು 24 ಗಂಟೆಗಳಷ್ಟು ಕಾಲ ಅನ್ನ ನೀರುಗಳಿಲ್ಲದೆ ಅಲ್ಲಿ ಕಳೆದರೆಂದು ಪೋಲೀಸರು ತಿಳಿಸಿದರು. ತಪ್ಪಿದ್ದು ಎಲ್ಲಿ?

ಉಪಗ್ರಹಗಳು ತಪ್ಪಿರಲಿಲ್ಲ. ಜಿ.ಪಿ.ಎಸ್. ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ತಮ್ಮ ಸ್ಥಾನವನ್ನೂ ತಮ್ಮ ಪರಮಾಣು ಗಡಿಯಾರದ ಕಾಲವನ್ನೂ ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತವೆ. ಅಲೆಯು ನಮ್ಮನ್ನು ತಲಪಲು ಹಿಡಿದ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ದೊರೆಯುವುದು. ಆದರೆ ಫೋನಿನ ಗಡಿಯಾರ ಅಷ್ಟು ನಿಖರವಲ್ಲ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರ 300 ಮೀಟರು ತಪ್ಪುವುದು. ಆದುದರಿಂದ ಸ್ಥಾನ ನಿರ್ಣಯಕ್ಕೆ ಮೂರು ಉಪಗ್ರಹಗಳಲ್ಲದೆ, ಕಾಲದ ತಿದ್ದುಪಡಿಗಾಗಿ ನಾಲ್ಕನೆಯದೂ ಬೇಕು. ಹೀಗೆ ಬಯಲಿನಲ್ಲಿ ನಿಂತ ಫೋನು, ಮೊಬೈಲ್ ಗೋಪುರದ ನೆರವಿಲ್ಲದೆಯೇ, ತನ್ನ ಸ್ಥಾನವನ್ನು ಸುಮಾರು 5 ಮೀಟರುಗಳೊಳಗೆ ಹೇಳಬಲ್ಲದು.

ಆದರೆ ನಾವೆಲ್ಲಿದ್ದೇವೆ ಎಂಬುದು ಒಂದು ಪ್ರಶ್ನೆ. ಊರೆಲ್ಲಿದೆ, ದಾರಿ ಹೇಗಿದೆ ಎಂಬುದು ಬೇರೊಂದು. ಎರಡನೆಯದಕ್ಕೆ ಉತ್ತರವಿರುವುದು ನಕ್ಷೆಯಲ್ಲಿ. ಮಿಲ್ಡೂರದ ಗುರುತನ್ನು ಆ ನಕ್ಷೆ ತಪ್ಪು ಸ್ಥಳದಲ್ಲಿಟ್ಟಿತ್ತು.

ರಸ್ತೆ ಬಿಟ್ಟು ಕಾಡುದಾರಿ ಹಿಡಿಯುವವರಿಗೆ ಈ ಭೇದವು ಬಹು ಮುಖ್ಯ. ಗೋಪುರಗಳಿಲ್ಲದೆಡೆ ಫೋನಿಗೆ ಹೊಸ ನಕ್ಷೆ ಬರಲಾರದು. ಹೊರಡುವ ಮುನ್ನವೇ ಅದನ್ನು ಇಳಿಸಿಕೊಂಡಿರಬೇಕು. ಅನಂತರ ಸಮೋನ್ನತಿ ರೇಖೆಗಳನ್ನು ಓದಬೇಕು. 20 ಮೀಟರಿಗೊಂದರಂತೆ ಎಳೆದ ರೇಖೆಗಳ ನಡುವೆ ನೆಲದ ಮೇಲೆ 100 ಮೀಟರು ಅಂತರವಿದ್ದರೆ ಏರು ಸುಮಾರು 11 ಡಿಗ್ರಿ; 40 ಮೀಟರಿದ್ದರೆ ಸುಮಾರು 27 ಡಿಗ್ರಿ. ಆದರೂ ರೇಖೆಗಳು ಎಲ್ಲವನ್ನೂ ಹೇಳವು. 2000ದ ಫೆಬ್ರುವರಿಯಲ್ಲಿ ಎಂಡೆವರ್ ಗಗನನೌಕೆಯು ರೇಡಾರಿನಿಂದ ಅಳೆದ ಎತ್ತರಗಳು ಅನೇಕ ನಕ್ಷೆಗಳಿಗೆ ಆಧಾರ. ಅವುಗಳಲ್ಲಿ ಒಂದು ಬಿಂದುವಿಗೂ ಮುಂದಿನದಕ್ಕೂ ಸುಮಾರು 30 ಮೀಟರು ಅಂತರ. 3 ಮೀಟರು ಅಗಲದ ಕೊರಕಲೊಂದು ಆ ನಡುವೆ ಅಡಗಿಬಿಡಬಹುದು. ವಾಹನವನ್ನು ತಡೆಯಲು ಅಷ್ಟೇ ಸಾಕು.

ಆದುದರಿಂದ ಎರಡು ನಕ್ಷೆಗಳನ್ನು ಹೋಲಿಸಿ ನೋಡುವುದು, ಸ್ಥಳೀಯರನ್ನು ವಿಚಾರಿಸುವುದು, ನೀರನ್ನು ಒಯ್ಯುವುದು, ಹೋಗುವ ದಾರಿಯನ್ನೂ ಮರಳುವ ವೇಳೆಯನ್ನೂ ಮನೆಯವರಿಗೆ ತಿಳಿಸುವುದು, ಇವೂ ಪ್ರಯಾಣದ ಸಿದ್ಧತೆಯೇ. ವಾಚಕರು ತಮ್ಮೂರಿನ ಗುಡ್ಡವೊಂದರ ಏರನ್ನು ಮೊದಲು ನಕ್ಷೆಯಿಂದ ಲೆಕ್ಕಹಾಕಿ, ಬಳಿಕ ಹತ್ತಿ ನೋಡಲಿ. ನಕ್ಷೆ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು ಎಂಬುದು ಆಗ ಚೆನ್ನಾಗಿ ಮನದಟ್ಟಾಗುವುದು.